ನಕ್ಷೆಗಿಂತ ಮೊದಲು ನೋಡಬೇಕಾದದ್ದು

ಗ್ರಾಮೀಣ ಪ್ರದೇಶದ ಬಡ ಕುಟುಂಬಗಳಿಗೆ ವಸತಿ ನೆರವಿನ ಯೋಜನೆ ರೂಪಿಸುವವರು ಮನೆಯ ನಕ್ಷೆಗೆ ಕೈಹಾಕುವ ಮುನ್ನ, ಜಾಗದ ದಾಖಲೆ ಯಾರ ಹೆಸರಿನಲ್ಲಿದೆ ಎಂಬುದನ್ನು ಪರಿಶೀಲಿಸಬೇಕೆಂದು ನಾನು ದೃಢವಾಗಿ ನಂಬಿದ್ದೇನೆ. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿಯು 1991ರಲ್ಲಿ ಯೋಗ್ಯ ವಸತಿಯ 7 ಅಂಶಗಳನ್ನು ಪಟ್ಟಿ ಮಾಡಿದಾಗ ಮೊದಲಿಗೆ ಹೇಳಿದ್ದು ವಾಸದ ಹಕ್ಕಿನ ಕಾನೂನುಬದ್ಧ ಭದ್ರತೆಯನ್ನೇ. ತೀರಿಹೋದ ಹಿರಿಯರ ಹೆಸರಿನಲ್ಲೇ ಉಳಿದಿರುವ, ಅಣ್ಣತಮ್ಮಂದಿರ ನಡುವೆ ಬರೀ ಬಾಯಿಮಾತಿನಲ್ಲಿ ಪಾಲಾಗಿರುವ ಜಾಗದಲ್ಲಿ ಬದುಕುವ ಕುಟುಂಬವು, ಎಷ್ಟೇ ಕಷ್ಟದಲ್ಲಿದ್ದರೂ, ಅರ್ಜಿಯ ಹಂತದಲ್ಲೇ ಹೊರಗುಳಿಯುತ್ತದೆ. ಆದ್ದರಿಂದ ದಾಖಲೆ ಸರಿಪಡಿಸುವ ಖರ್ಚನ್ನೂ ಓಡಾಟವನ್ನೂ ಯೋಜನೆಯೇ ಹೊರಬೇಕು. ಪತಿ-ಪತ್ನಿ ಇಬ್ಬರ ಹೆಸರನ್ನೂ ಸೇರಿಸಲು ಅದೇ ಸರಿಯಾದ ಸಮಯ.

ತಳಪಾಯ, ಗೋಡೆ, ಚಾವಣಿ ಎಂದು ಒಂದೊಂದು ಹಂತ ಮುಗಿದ ಬಳಿಕ ಕಂತು ಬಿಡುಗಡೆ ಮಾಡುವ ಪದ್ಧತಿಯು ದುರ್ಬಳಕೆಯನ್ನು ತಡೆಯುತ್ತದೆ, ನಿಜ. ಆದರೆ ಕೂಲಿಯನ್ನೇ ನಂಬಿದ ಕುಟುಂಬ ತಳಪಾಯವನ್ನು ಸಾಲ ಮಾಡಿಯೇ ಹಾಕಬೇಕಾಗುತ್ತದೆ. ಮುಂದಿನ ಕಂತು ತಡವಾದರೆ ಲಿಂಟಲ್ (ಬಾಗಿಲು-ಕಿಟಕಿಗಳ ಮೇಲಿನ ಅಡ್ಡತೊಲೆ) ಮಟ್ಟಕ್ಕೆ ಎದ್ದ ಗೋಡೆಗಳು ಮಳೆಯಲ್ಲಿ ನೆನೆಯುತ್ತವೆ, ಹೊರಚಾಚಿದ ಸರಳುಗಳು ತುಕ್ಕು ಹಿಡಿಯುತ್ತವೆ, ಸಾಲದ ಬಡ್ಡಿ ಮಾತ್ರ ನಿಲ್ಲದೆ ಬೆಳೆಯುತ್ತದೆ. ಮೊದಲ ಕಂತನ್ನು ಮುಂಗಡವಾಗಿ ಕೊಟ್ಟು, ಮಳೆಗಾಲಕ್ಕೆ ಮುನ್ನ ಚಾವಣಿ ಹಾಕಿ ಮುಗಿಯುವಂತೆ ವೇಳಾಪಟ್ಟಿಯನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ರಸ್ತೆ ಸರಿಯಿಲ್ಲದ ಊರುಗಳಿಗೆ ಸಾಮಗ್ರಿ ಸಾಗಿಸುವ ವೆಚ್ಚವನ್ನು ಪ್ರತ್ಯೇಕವಾಗಿಯೇ ತೆಗೆದಿರಿಸುವುದು ಒಳ್ಳೆಯದು.