ಎಂಟು ಜಿಲ್ಲೆಗಳು ಕಾಣೆಯಾದ ದಿನ

ಮಳೆ ಲೆಕ್ಕದ ಪೈಥಾನ್ ಸ್ಕ್ರಿಪ್ಟ್ ಅದು. ಜಿಲ್ಲೆಗೊಂದರಂತೆ 31 ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ಫೈಲ್ ಓದಿ, ಒಂದೊಂದಕ್ಕೂ ವರದಿ ಬರೆದು 'ವರದಿ' ಎಂಬ ಫೋಲ್ಡರಿನಲ್ಲಿ ಇಡಬೇಕು, ಅಷ್ಟೇ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹುಟ್ಟಿ ಬೆಳೆದದ್ದು. ಉಬುಂಟು ಎಂಬ ಲಿನಕ್ಸ್ ಇರುವ ಸರ್ವರಿಗೆ ಸಾಗಿಸಿದ ದಿನ ಬೆಳಿಗ್ಗೆ ಮೊದಲ ಸಲ ರನ್ ಮಾಡಿದಾಗ ಒಂದೇ ಒಂದು ಎರರ್ ಬರಲಿಲ್ಲ. ವರದಿ ಫೋಲ್ಡರ್ ತೆರೆದರೆ ಖಾಲಿ.

ಫೈಲುಗಳು ಇದ್ದವು, ಸ್ಕ್ರಿಪ್ಟ್ ಓಡಿದ ಜಾಗದಲ್ಲೇ ಸಾಲಾಗಿ ಕೂತಿದ್ದವು. ಹೆಸರು ಮಾತ್ರ 'ವರದಿ\ಹಾಸನ.ಸಿಎಸ್‌ವಿ' ಎಂಬ ಧಾಟಿಯದು. ವರದಿ ಫೋಲ್ಡರಿನೊಳಗಿನ ಹಾಸನ ಅಲ್ಲ, ಹೆಸರಿನ ನಡುವೆಯೇ ಬ್ಯಾಕ್‌ಸ್ಲ್ಯಾಶ್ ಹೊತ್ತ ಒಂಟಿ ಫೈಲ್. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಸಲ್ಲದವು ಎರಡೇ: / ಚಿಹ್ನೆ ಮತ್ತು ಸೊನ್ನೆ ಬೈಟ್. ವಿಂಡೋಸ್‌ನಲ್ಲಿ ಫೋಲ್ಡರನ್ನೂ ಫೈಲನ್ನೂ ಬೇರ್ಪಡಿಸುವ ಬ್ಯಾಕ್‌ಸ್ಲ್ಯಾಶ್ ಲಿನಕ್ಸ್‌ಗೆ ಇನ್ನೊಂದು ಅಕ್ಷರ, ಅಷ್ಟೇ. ದೂರುವುದಕ್ಕೆ ಕಾರಣವೇ ಇಲ್ಲ.

ಜಗಳ ಹಳೆಯದು. ವಿಂಡೋಸ್‌ಗೂ ಮೊದಲಿನ ಮೈಕ್ರೋಸಾಫ್ಟ್ ವ್ಯವಸ್ಥೆ ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ. / ಚಿಹ್ನೆ ಕಮಾಂಡಿನ ಆಯ್ಕೆಗಳಿಗೆ ಬಳಕೆಯಾಗುತ್ತಿತ್ತು. 1983ರಲ್ಲಿ ಡಾಸ್ 2.0 ಫೋಲ್ಡರುಗಳನ್ನು ತಂದಾಗ ಆ ಚಿಹ್ನೆ ಬಿಡುವಾಗಿರಲಿಲ್ಲ, ಪಾತ್‌ಗೆ, ಅಂದರೆ ಫೈಲಿನ ವಿಳಾಸಕ್ಕೆ, \ ಬಂತು. ಪೈಥಾನಿನ ಸ್ಟ್ರಿಂಗಿನೊಳಗೆ (ಉದ್ಧರಣ ಚಿಹ್ನೆಗಳ ನಡುವೆ ಬರೆದ ಪಠ್ಯ) ಅದೇ \ ಬೇರೆ ಆಟವನ್ನೂ ಆಡುತ್ತದೆ. ಅದರ ಹಿಂದೆಯೇ ಇಂಗ್ಲಿಷಿನ ಸಣ್ಣ ಎನ್ ಬಂದರೆ ಹೊಸ ಸಾಲು, ಸಣ್ಣ ಟಿ ಬಂದರೆ ಟ್ಯಾಬ್. 'ನ್ಯೂ', 'ಟೆಂಪ್' ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟ ಫೋಲ್ಡರುಗಳು ಪೆಟ್ಟು ತಿನ್ನುವುದು ಇಲ್ಲಿಯೇ. ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಈ ಕಾಟವಿಲ್ಲ, ಪೈಥಾನ್ 3.12ರಿಂದ ಒಂದು ಎಚ್ಚರಿಕೆ ಮಾತ್ರ ಬರುತ್ತದೆ. ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಕ್ಕ ಅನುಕೂಲಗಳು ಕಡಿಮೆ, ಇದೊಂದು.

ಪರಿಹಾರ 2014ರ ಪೈಥಾನ್ 3.4ರಿಂದಲೇ ಜೊತೆಗಿದೆ, ಪಾತ್‌ಗಳಿಗೆಂದೇ ಇರುವ ಪಾತ್‌ಲಿಬ್ ಮಾಡ್ಯೂಲ್. ಪಾತ್('ವರದಿ') / ಹೆಸರು ಎಂದು ಬರೆದರೆ ಆಯಾ ವ್ಯವಸ್ಥೆಗೆ ತಕ್ಕ ಚಿಹ್ನೆಯನ್ನು ಅದೇ ಹಾಕಿಕೊಳ್ಳುತ್ತದೆ. ಎರಡು ಕಡೆ ಹುಷಾರಾಗಿರಬೇಕು. ಬಲಗಡೆಯ ತುಂಡು / ಇಂದ ಶುರುವಾದರೆ ಲಿನಕ್ಸ್‌ನಲ್ಲಿ ಎಡಗಡೆಯದ್ದೆಲ್ಲ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಇನ್ನು, ವಿಂಡೋಸ್‌ನಲ್ಲಿ ಬರೆದಿಟ್ಟ ಹಳೆಯ ಪಾತ್‌ಗಳ ಪಟ್ಟಿಯನ್ನು ಲಿನಕ್ಸ್‌ನಲ್ಲಿ ಓದುವಾಗ ಬರೀ ಪಾತ್ ಸಾಲದು, ಇಡೀ ಸಾಲನ್ನೇ ಒಂದು ಹೆಸರೆಂದು ನುಂಗುತ್ತದೆ. ಅಲ್ಲಿ ಪ್ಯೂರ್‌ವಿಂಡೋಸ್‌ಪಾತ್ ಬಳಸಿ ಬಿಡಿಸಬೇಕು.

ಮಧ್ಯಾಹ್ನದ ಹೊತ್ತಿಗೆ ವರದಿಗಳು ಸರಿಯಾದ ಫೋಲ್ಡರಿಗೆ ಬಿದ್ದವು. ಎಣಿಸಿದರೆ 23.

ಎಂಟು ಜಿಲ್ಲೆ ಕಾಣೆ, ಎರರ್ ಮತ್ತೆ ಇಲ್ಲ. ಸ್ಕ್ರಿಪ್ಟಿನೊಳಗೆ ಜಿಲ್ಲೆಗಳ ಪಟ್ಟಿಯಿತ್ತು. ಆ ಹೆಸರಿನ ಫೈಲ್ ಇದ್ದರೆ ಓದು, ಇಲ್ಲದಿದ್ದರೆ ಮುಂದೆ ಹೋಗು ಎಂದು ಬರೆದಿತ್ತು. ಆ 'ಮುಂದೆ ಹೋಗು' ಬರೆದ ಕೈಗೆ ಅವತ್ತು ಸಾಕಷ್ಟು ಬೈಗುಳ ಬಿತ್ತು. ಎಂಟೂ ಫೈಲುಗಳು ಡೇಟಾ ಫೋಲ್ಡರಿನಲ್ಲಿ ಕಣ್ಣೆದುರೇ ಇದ್ದವು: ಕೋಲಾರ, ಕೊಡಗು, ಕೊಪ್ಪಳ, ಮೈಸೂರು, ಬೀದರ್, ಹಾವೇರಿ, ಶಿವಮೊಗ್ಗ, ಬಾಗಲಕೋಟೆ. ಇವನ್ನು ಒಂದರ ಕೆಳಗೊಂದು ಬರೆದು ನೋಡಿದಾಗಲೇ ಗುಟ್ಟು ಬಿಟ್ಟುಕೊಟ್ಟದ್ದು. ಎಲ್ಲದರಲ್ಲೂ ೀ, ೇ, ೈ, ೊ, ೋ ಇವುಗಳಲ್ಲೊಂದು ಇದೆ. ಉಳಿದ 23 ಹೆಸರುಗಳಲ್ಲಿ ಒಂದರಲ್ಲೂ ಇಲ್ಲ.

ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಈ ಐದು ಗುಣಿತ ಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು, ಇಡಿಯಾಗಿ ಅಥವಾ ಬಿಡಿಬಿಡಿಯಾಗಿ. ೋ ಬಿಡಿಸಿದರೆ ೆ, ೂ, ೕ ಎಂಬ ಮೂರು ತುಂಡು. ಡೇಟಾದ ಜಿಪ್ ಬಂದದ್ದು ಹಳೆಯ ಮ್ಯಾಕ್‌ನಿಂದ. ಅದರ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಕೀಲಿಮಣೆಯಲ್ಲಿ ಒತ್ತಿದ 'ಕೋಲಾರ' 5 ಸಂಕೇತ, ಜಿಪ್‌ನಿಂದ ಬಂದ 'ಕೋಲಾರ' 7. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಮ್ಯಾಕ್ ಎರಡನ್ನೂ ಒಂದೇ ಎಂದು ಒಪ್ಪುತ್ತದೆ, ಹಾಗಾಗಿ ಅಲ್ಲಿ ಎಲ್ಲವೂ ಸರಿಯಿತ್ತು. ಲಿನಕ್ಸ್ ಬೈಟುಗಳನ್ನಷ್ಟೇ ಹೋಲಿಸುತ್ತದೆ, ವಿಂಡೋಸ್ ಕೂಡ ಇವೆರಡನ್ನು ಬೇರೆ ಬೇರೆ ಎಂದೇ ತಿಳಿಯುತ್ತದೆ.

ಫೋಲ್ಡರಿನ ಹೆಸರುಗಳನ್ನೆಲ್ಲ ಓದಿ, ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿಗೆ 'ಎನ್‌ಎಫ್‌ಸಿ' ಎಂದು ಹೇಳಿ ಇಡಿಯಾಗಿಸಿ, ಆಮೇಲೆ ಹೋಲಿಸಿದೆವು. 31 ಬಂತು. ಪಟ್ಟಿಯ ಕಡೆಯ ಹೆಸರುಗಳನ್ನೂ ಇದೇ ಜರಡಿಯಲ್ಲಿ ಹಾಯಿಸಬೇಕು, ಒಂದು ಬದಿ ಮಾತ್ರ ಸಾಲದು. ಉದ್ದದ ಬಗ್ಗೆಯೂ ಒಂದು ಮಾತು: ಉಬುಂಟು ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಫೈಲ್ ಹೆಸರಿಗೆ 255 ಬೈಟಿನ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ ಗುಣಿತ, ಒತ್ತು ಎಲ್ಲ ಸೇರಿ 85. ಸರ್ಕಾರಿ ಸುತ್ತೋಲೆಯ ವಿಷಯವನ್ನೇ ಹೆಸರಾಗಿ ಇಡುವವರಿಗೆ ಇದು ಬೇಗ ಮುಗಿಯುತ್ತದೆ.

ದೊಡ್ಡಕ್ಷರ ಸಣ್ಣಕ್ಷರದ ಗೋಳು ಎಲ್ಲರಿಗೂ ಗೊತ್ತಿರುವುದೇ. ಲಿನಕ್ಸ್‌ಗೆ ಅವು ಬೇರೆ, ವಿಂಡೋಸ್‌ಗೆ ಒಂದೇ. ಕನ್ನಡದ ಹೆಸರುಗಳಿಗೆ ಆ ಗೋಳಿಲ್ಲ, ಬಾಲದ ಸಿಎಸ್‌ವಿಯನ್ನು ಸಣ್ಣಕ್ಷರದಲ್ಲಿ ಬರೆದರೆ ಮುಗಿಯಿತು.

ಸಂಜೆ, ಸರಿಹೋದ ಸ್ಕ್ರಿಪ್ಟನ್ನು ಮತ್ತೆ ವಿಂಡೋಸ್‌ನಲ್ಲಿ ಓಡಿಸಿ ನೋಡಿದೆವು. ಸರ್ವರಿನಲ್ಲಿ ಒಟ್ಟು ವರದಿಯ ಹೆಸರಿಗೆ 'ಒಟ್ಟು_17:40.ಸಿಎಸ್‌ವಿ' ಎಂದು ಹೊತ್ತನ್ನು ಸೇರಿಸಿದ್ದೆವು, ಲಿನಕ್ಸ್ ಚಕಾರವೆತ್ತಿರಲಿಲ್ಲ. ವಿಂಡೋಸ್‌ನಲ್ಲೂ ಎರರ್ ಇಲ್ಲ. ಫೋಲ್ಡರಿನಲ್ಲಿ ಮಾತ್ರ 'ಒಟ್ಟು_17' ಎಂಬ ಬಾಲವಿಲ್ಲದ ಫೈಲ್, ಗಾತ್ರ 0 ಬೈಟ್. ವಿಂಡೋಸ್‌ನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿನ ನಡುವಿನ : ಚಿಹ್ನೆಗೆ ಬೇರೆ ಅರ್ಥವಿದೆ, ಅದರ ಮುಂದಿನದು ಆ ಫೈಲಿಗೆ ಅಂಟಿದ ಗುಪ್ತ ಸ್ಟ್ರೀಮ್. ವರದಿ ಪೂರ್ತಿ ಅದರೊಳಗಿತ್ತು, ಎಕ್ಸ್‌ಪ್ಲೋರರ್ ತೋರಿಸುವುದಿಲ್ಲ ಅಷ್ಟೇ. ಹೊತ್ತನ್ನು 17-40 ಎಂದು ಅಡ್ಡಗೆರೆಗೆ ಬದಲಿಸಿ ಮತ್ತೆ ರನ್ ಮಾಡಿದೆವು.