ವಿಂಡೋ ಹ್ಯಾಂಗ್ ಆಗುವುದು ಯಾಕೆ?

ನಮ್ಮ ಟೀಮಿಗೆ ಹೊಸದಾಗಿ ಸೇರುವವರಿಗೆ ಜಿಯುಐ (ವಿಂಡೋ, ಬಟನ್ ಇರುವ ಪ್ರೋಗ್ರಾಂ) ಕೆಲಸ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಲೂಪ್, ಫಂಕ್ಷನ್, ಕ್ಲಾಸ್ ಎಲ್ಲ ಚೆನ್ನಾಗಿ ಗೊತ್ತಿರುವವರೂ ಮೊದಲ ವಿಂಡೋ ಬರೆಯುವಾಗ ತಡವರಿಸುತ್ತಾರೆ. ಅವರು ಅಲ್ಲಿಯವರೆಗೆ ಬರೆದ ಪ್ರೋಗ್ರಾಂಗಳಲ್ಲಿ ಯಾವಾಗ ಏನು ನಡೆಯಬೇಕು ಅಂತ ಅವರೇ ತೀರ್ಮಾನಿಸುತ್ತಿದ್ದರು. ವಿಂಡೋ ಬಂದ ಕೂಡಲೇ ಆ ತೀರ್ಮಾನ ಬಳಸುವವರ ಕೈಗೆ ಹೋಗುತ್ತದೆ. ಯಾವ ಬಟನ್ ಯಾವಾಗ ಒತ್ತುತ್ತಾರೋ ಯಾರಿಗೆ ಗೊತ್ತು?

ಶುರುವಿಗೆ ನಾನು ಕೊಡುವುದು ಪೈಥಾನ್‌ನ ಟಿಕಿಂಟರ್, ಅಂದರೆ ವಿಂಡೋ ಮಾಡುವ ಲೈಬ್ರರಿ. ಅದರ ಒಳಗಿದ್ದು ವಿಂಡೋ ಬಿಡಿಸುವ ಟಿಕೆ 1991ರದ್ದು, ನೋಡಲು ಹಳೇದು ಅನ್ನಿಸುತ್ತದೆ. ಆದರೂ ಕಲಿಯಲು ಇದೇ ಒಳ್ಳೆಯದು. ಕೆಲವೇ ಸಾಲಿನಲ್ಲಿ ವಿಂಡೋ ಬರುತ್ತದೆ, ಕೊನೆಯಲ್ಲಿ ಮೇನ್‌ಲೂಪ್ ನಡೆಸುವ ಸಾಲನ್ನು ನಾವೇ ಕೈಯಾರೆ ಬರೆಯಬೇಕು. ಬಟನ್ ಎಳೆದು ಇಡುವ ಡಿಸೈನರ್ ಟೂಲ್‌ಗಳಲ್ಲಿ ಆ ಸಾಲು ಎಲ್ಲೋ ಅಡಗಿ ಕೂತಿರುತ್ತದೆ. ಅರ್ಥ ಆಗಬೇಕಾದದ್ದು ಅದೇ ಸಾಲು ಅಲ್ವಾ?

ಮೌಸ್ ಕ್ಲಿಕ್, ಕೀಬೋರ್ಡ್, ವಿಂಡೋ ದೊಡ್ಡದು ಮಾಡಿದ್ದು, ಎಲ್ಲವೂ ಕ್ಯೂನಲ್ಲಿ ಬಂದು ನಿಲ್ಲುತ್ತವೆ. ಮೇನ್‌ಲೂಪ್ ಒಂದೊಂದನ್ನೇ ತೆಗೆದುಕೊಂಡು, ಅದಕ್ಕೆ ನಾವು ಜೋಡಿಸಿದ ಫಂಕ್ಷನ್ ನಡೆಸುತ್ತದೆ. ಅದು ಮುಗಿದ ಮೇಲೇ ಮುಂದಿನದು. ಸ್ಕ್ರೀನ್ ಮೇಲೆ ಮತ್ತೆ ಬರೆಯುವುದೂ ಇದೇ ಲೂಪಿನ ಕೆಲಸ.

ಇದನ್ನು ತೋರಿಸಲು ಬಟನ್‌ನ ಫಂಕ್ಷನ್ ಒಳಗೆ ಬೇಕಂತಲೇ 5 ಸೆಕೆಂಡ್ ಸ್ಲೀಪ್ (ಏನೂ ಮಾಡದೆ ಸುಮ್ಮನೆ ನಿಲ್ಲು ಅನ್ನುವ ಸಾಲು) ಹಾಕಿಸುತ್ತೇನೆ. ಅದಕ್ಕೆ ಮೊದಲು ವಿಂಡೋದಲ್ಲಿ ಬರಹ ತೋರಿಸುವ ಲೇಬಲ್‌ನಲ್ಲಿ ‘ಲೋಡ್ ಆಗುತ್ತಿದೆ’ ಅಂತ ಬರೆಸುತ್ತೇನೆ. ಬಟನ್ ಒತ್ತಿದರೆ ವಿಂಡೋ ಹ್ಯಾಂಗ್. ಲೇಬಲ್ ಬದಲಾಗುವುದು ಕಾಣುವುದೇ 5 ಸೆಕೆಂಡ್ ಆದ ಮೇಲೆ! "ಆ ಸಾಲು ಸ್ಲೀಪ್‌ಗಿಂತ ಮೇಲೇ ಇದೆಯಲ್ಲ?" ಅಂತ ಕೇಳುತ್ತಾರೆ. ಈ ಪ್ರಶ್ನೆ ಬಂದರೆ ನನಗೆ ತುಂಬ ಖುಷಿ. ಲೇಬಲ್‌ನ ಅಕ್ಷರ ಆಗಲೇ ಬದಲಾಗಿರುತ್ತದೆ, ಆದರೆ ಅದನ್ನು ಬರೆದು ತೋರಿಸಬೇಕಾದ ಲೂಪ್ ನಮ್ಮ ಫಂಕ್ಷನ್ ಮುಗಿಯಲಿ ಅಂತ ಕಾಯುತ್ತಿರುತ್ತದೆ.

ಲೇಔಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಟನ್, ಲೇಬಲ್‌ಗಳನ್ನು ಅಡ್ಡ-ಉದ್ದ ಮನೆಗಳಲ್ಲಿ ಜೋಡಿಸುವ ಗ್ರಿಡ್ ಸಾಕು. ಒಂದೇ ಫ್ರೇಮ್ ಒಳಗೆ ಪ್ಯಾಕ್ (ಒಂದಾದ ಮೇಲೊಂದು ಜೋಡಿಸುವ ವಿಧಾನ) ಮತ್ತು ಗ್ರಿಡ್ ಬೆರೆಸಿದರೆ ಎರರ್ ಬರುತ್ತದೆ, ಅಷ್ಟು ನೆನಪಿಟ್ಟರಾಯಿತು.

ಆಮೇಲೆ ಒಂದು ಸ್ಟಾಪ್‌ವಾಚ್ ಮಾಡಿಸುತ್ತೇನೆ. ಸ್ಲೀಪ್ ಬೇಡ, ಆಫ್ಟರ್ ಬಳಸಿ: ಇಷ್ಟು ಮಿಲಿಸೆಕೆಂಡ್ ಬಿಟ್ಟು ಈ ಫಂಕ್ಷನ್ ನಡೆಸು ಅಂತ ಲೂಪಿಗೆ ಹೇಳಿಟ್ಟು ಕೂಡಲೇ ಹೊರಗೆ ಬರುವುದು. ಸ್ಟಾರ್ಟ್ ಬಟನ್ ಎರಡು ಸಲ ಒತ್ತಿದರೆ ಎಣಿಕೆ ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ಯಾಕೆ ಅಂತ ಅವರೇ ಹುಡುಕಲಿ, ನಾನು ಹೇಳುವುದಿಲ್ಲ.

ಆ ಕಾರಣ ಸಿಕ್ಕವರಿಗೆ ಥ್ರೆಡ್, ಅಂದರೆ ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ. ನೆಟ್‌ವರ್ಕ್, ದೊಡ್ಡ ಫೈಲ್ ಓದುವುದು, ಇಂಥ ನಿಧಾನದ ಕೆಲಸ ಬೇರೆ ಥ್ರೆಡ್‌ನಲ್ಲಿ ನಡೆಯಬೇಕು. ಆದರೆ ಆ ಥ್ರೆಡ್ ಲೇಬಲ್, ಬಟನ್ ಮುಟ್ಟಬಾರದು. ಉತ್ತರವನ್ನು ಒಂದು ಕ್ಯೂಗೆ ಹಾಕಲಿ, ಮೇನ್‌ಲೂಪ್ ಓಡುವ ಮೇನ್ ಥ್ರೆಡ್ ಆಫ್ಟರ್ ಮೂಲಕ 100 ಮಿಲಿಸೆಕೆಂಡಿಗೊಮ್ಮೆ ನೋಡಿ ತೆಗೆದುಕೊಳ್ಳಲಿ. ಜಾವಾದ ಸ್ವಿಂಗ್, ಸಿ++ನ ಕ್ಯೂಟಿ, ಆಂಡ್ರಾಯ್ಡ್‌ಗೆ ಹೋದರೂ ಇದೇ ನಿಯಮ. ಆಂಡ್ರಾಯ್ಡ್‌ನಲ್ಲಂತೂ ಬಳಸುವವರು ಸ್ಕ್ರೀನ್ ಮುಟ್ಟಿದ್ದಕ್ಕೆ ಮೇನ್ ಥ್ರೆಡ್ 5 ಸೆಕೆಂಡ್ ಸ್ಪಂದಿಸದಿದ್ದರೆ, ಆ್ಯಪ್ ಮುಚ್ಚಬೇಕಾ ಅಂತ ಫೋನೇ ಕೇಳುತ್ತದೆ.