ಯಾರಿಗೆ ಹಾಕಿದೆ ಎಂದು ಕೇಳುವವರಿಗೆ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಬಿಡುತ್ತೇನೆ. 2020ರ ಫೆಬ್ರವರಿ 3ರ ಸೋಮವಾರ ಸಂಜೆ ನಾನು ಹೋದದ್ದು ಕಾಕಸ್‌ಗೆ, ಅಂದರೆ ಅಮೆರಿಕದ ಪಕ್ಷವೊಂದು ತನ್ನ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕೆಂದು ಕೇಳಲು ಕರೆಯುವ ಮತದಾರರ ಸಭೆಗೆ. ಮೈಸೂರಿನ ನನ್ನ ಸೋದರಮಾವ ಫೋನಿನಲ್ಲಿ ಕೇಳಿಸಿಕೊಂಡಂತೆ ಕಕ್ಕಸಿಗೆ ಅಲ್ಲ. "ಎರಡೂವರೆ ಗಂಟೆ ಅಲ್ಲೇ ಇದ್ದೆಯಾ? ಹೊಟ್ಟೆ ಕೆಟ್ಟಿತ್ತೇನೋ?" ಎಂದು ಅವರು ನಿಜವಾದ ಕಾಳಜಿಯಿಂದಲೇ ವಿಚಾರಿಸಿದ್ದರು, ಮತ್ತು ಆ ಮಾತು ನಮ್ಮ ಬಂಧುಬಳಗದಲ್ಲಿ ಇಂದಿಗೂ ಓಡಾಡುತ್ತಿದೆ. ಅದನ್ನು ಸಹಿಸಿಕೊಳ್ಳಬಲ್ಲೆ. ಸಹಿಸಲಾಗದಿರುವುದು ನಗು ಮುಗಿದ ಮೇಲೆ ತಪ್ಪದೆ ಬರುವ ಪ್ರಶ್ನೆಯನ್ನು: "ಅದಿರಲಿ, ಯಾರಿಗೆ ಹಾಕಿದೆ?"

ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಇಲ್ಲಿಯ ಕನ್ನಡ ಸಂಘದ ಯುಗಾದಿಯಲ್ಲಿ ಒಬ್ಬಟ್ಟು ಬಡಿಸುತ್ತ ಕೇಳಿದ್ದಾರೆ, ಒಮ್ಮೆ ಶ್ರಾದ್ಧದ ಮನೆಯಲ್ಲೂ ಕೇಳಿದ್ದಾರೆ. ಕೇಳುವವರಲ್ಲಿ ಅರ್ಧ ಜನಕ್ಕೆ ನಾನಿರುವ ಅಯೋವಾ ಎಂಬ ರಾಜ್ಯ ಅಮೆರಿಕದಲ್ಲಿ ಎಲ್ಲಿದೆಯೆಂದು ತಿಳಿಯದು, ಉಳಿದರ್ಧ ಜನ ಉತ್ತರವನ್ನು ತಾವೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. "ನಮ್ಮವಳು ಕಮಲಾ ಹ್ಯಾರಿಸ್‌ಗೇ ತಾನೆ?" ಎಂದವರಿಗೆ, ಆಕೆ 2019ರ ಡಿಸೆಂಬರಿನಲ್ಲಿಯೇ, ಅಂದರೆ ಅಯೋವಾದವರು ಸಭೆ ಸೇರುವುದಕ್ಕೆ ಎರಡು ತಿಂಗಳು ಮೊದಲೇ, ಕಣದಿಂದ ಹಿಂದೆ ಸರಿದಿದ್ದರು ಎಂದು ತಿಳಿಸಿ ತಿಳಿಸಿ ನನಗೆ ಸಾಕಾಗಿದೆ. ಬಾಯಲ್ಲಿ ಹೇಳಿದ್ದು ಸಾಕು. ಇನ್ನು ಕೇಳುವವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಪ್ರಶ್ನೆಯಲ್ಲಿ ನನಗೆ ಮೊದಲು ಚುಚ್ಚುವುದು "ಹಾಕಿದೆ" ಎಂಬ ಕ್ರಿಯಾಪದ. ಹಾಕುವುದಕ್ಕೆ ಅಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಒತ್ತುವುದಕ್ಕೆ ಗುಂಡಿಯೂ ಇರಲಿಲ್ಲ, ಮರೆ ಮಾಡುವ ರಟ್ಟಿನ ಅಡ್ಡವೂ ಇರಲಿಲ್ಲ. ಕನ್ನಡದಲ್ಲಿ ಚುನಾವಣೆಗೆ ನಿಲ್ಲುವವನು ಅಭ್ಯರ್ಥಿ, ಮತದಾರನ ಕೆಲಸ ಹಾಕುವುದು. ಅಯೋವಾದ ಡೆಮಾಕ್ರಟಿಕ್ ಪಕ್ಷದವರು ಆ ವರ್ಷದವರೆಗೂ ನಡೆಸಿಕೊಂಡು ಬಂದ ಕ್ರಮದಲ್ಲಿ ಮಾತ್ರ ಮತದಾರನೇ ನಿಲ್ಲಬೇಕು, ಅಕ್ಷರಶಃ ಎರಡು ಕಾಲಿನ ಮೇಲೆ, ತನ್ನ ಅಭ್ಯರ್ಥಿಯ ಫಲಕ ಅಂಟಿಸಿದ ಮೂಲೆಯಲ್ಲಿ, ಅಕ್ಕಪಕ್ಕದ ಮನೆಯವರೆಲ್ಲ ನೋಡುತ್ತಿರುವಂತೆಯೇ. (ರಿಪಬ್ಲಿಕನ್ನರ ಕಾಕಸ್ ಬೇರೆ ತರಹ. ಅವರು ಭಾಷಣ ಕೇಳಿ, ಚೀಟಿಯಲ್ಲಿ ಗುಟ್ಟಾಗಿ ಹೆಸರು ಬರೆದುಕೊಟ್ಟು ಮನೆಗೆ ಹೋಗುತ್ತಾರೆ. ನಾನು ಯಾವ ಪಕ್ಷದ ಸಭೆಗೆ ಹೋಗಿದ್ದೆನೆಂಬುದು ಇದರಿಂದ ತಿಳಿಯಿತಲ್ಲ, ಅಷ್ಟು ರಿಯಾಯಿತಿ ಸಾಕು.)

ಅಂದು ಸಂಜೆ ಏಳು ಗಂಟೆಗೆ ರಾಜ್ಯದ 99 ಕೌಂಟಿಗಳಲ್ಲಿ, 1,600ಕ್ಕೂ ಹೆಚ್ಚು ಪ್ರಿಸಿಂಕ್ಟ್‌ಗಳಲ್ಲಿ, ಅಂದರೆ ನಮ್ಮ ಲೆಕ್ಕದ ಮತಗಟ್ಟೆಯಷ್ಟು ವ್ಯಾಪ್ತಿಯ ತುಂಡುಗಳಲ್ಲಿ, ಏಕಕಾಲಕ್ಕೆ ಸಭೆ ಆರಂಭವಾಯಿತು. ಡಿಮೋಯ್ನ್ ನಗರದ ಪಶ್ಚಿಮ ಅಂಚಿನಲ್ಲಿರುವ ನಮ್ಮ ಪ್ರಿಸಿಂಕ್ಟಿನ ಸಭೆ ಒಂದು ಶಾಲೆಯ ಊಟದ ಹಾಲಿನಲ್ಲಿತ್ತು. ಬಾಗಿಲಲ್ಲೇ ಮತದಾರರ ನೋಂದಣಿ ಮಾಡಿಕೊಳ್ಳುತ್ತಿದ್ದರು. ನವೆಂಬರಿನ ಚುನಾವಣೆಯ ಹೊತ್ತಿಗೆ 18 ತುಂಬುವವರೂ ಭಾಗವಹಿಸಬಹುದಾದ್ದರಿಂದ ಹದಿನೇಳರ ನನ್ನ ಮಗಳೂ ನನ್ನ ಜೊತೆಗೆ ಸಾಲಿನಲ್ಲಿ ನಿಂತಿದ್ದಳು. ಮೇಜಿನ ಹಿಂದಿದ್ದ ಹೆಂಗಸು "ಇಬ್ಬರಲ್ಲಿ ಮೊದಲ ಸಲದವರು ಯಾರು?" ಎಂದು ಅವಳ ಕಡೆಗೆ ನಗುತ್ತ ಕೇಳಿದರು. ಇಬ್ಬರೂ ಎಂದು ನಾನು ಹೇಳಬೇಕಾಯಿತು. ನನಗೆ ಆಗ ನಲವತ್ತನಾಲ್ಕು ವರ್ಷ.

ಒಳಗೆ ಸಹಿ ಮಾಡುವ ಒಂದು ಕಾರ್ಡು ಕೊಟ್ಟರು. ಅದರ ಒಂದು ಬದಿಯಲ್ಲಿ ಮೊದಲ ಆಯ್ಕೆ, ಇನ್ನೊಂದು ಬದಿಯಲ್ಲಿ ಕೊನೆಯ ಆಯ್ಕೆ. ಎರಡು ಆಯ್ಕೆಗಳೇಕೆಂದರೆ, ನಮ್ಮಂಥ ಪ್ರಿಸಿಂಕ್ಟಿನಲ್ಲಿ ಹಾಜರಿದ್ದವರ ಶೇ. 15ರಷ್ಟು ಜನ ತನ್ನ ಮೂಲೆಯಲ್ಲಿ ನಿಲ್ಲದಿದ್ದರೆ ಆ ಅಭ್ಯರ್ಥಿ ಅಲ್ಲಿಗೆ ಮುಗಿದಂತೆ. ಆ ಮೂಲೆಯವರು ಚದುರಿ ಬೇರೆ ಮೂಲೆಗೆ ಹೋಗಬಹುದು, ತಮ್ಮಂತೆಯೇ ಸೋತ ಇನ್ನೊಂದು ಗುಂಪನ್ನು ಎಳೆದುಕೊಂಡು ಬದುಕಿಕೊಳ್ಳಬಹುದು, ಅಥವಾ ಕೋಟು ಹಾಕಿಕೊಂಡು ಮನೆಗೆ ಹೋಗಬಹುದು. ಗೆದ್ದ ಮೂಲೆಯವರು ಮಾತ್ರ ಕದಲುವಂತಿಲ್ಲ. ಆ ನಿಯಮ 2020ರಲ್ಲಿ ಹೊಸದು. ನಾವು 214 ಜನ ಸೇರಿದ್ದೆವು, ಆದ್ದರಿಂದ ಉಳಿಯಬೇಕಾದರೆ 33 ಜನ ಬೇಕು. ನನ್ನ ಮೂಲೆಯಲ್ಲಿ ಇದ್ದವರು 29. ನಾಲ್ಕೇ ನಾಲ್ಕು ಜನ ಕಡಿಮೆ! ಅಷ್ಟು ಜನರನ್ನು ಮೈಸೂರಿನ ಯಾವುದೇ ಟೀ ಅಂಗಡಿಯ ಮುಂದಿನಿಂದ ಎರಡು ನಿಮಿಷದಲ್ಲಿ ಕರೆತರಬಹುದಿತ್ತೆಂದು ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಆಮೇಲಿನ ಹದಿನೈದಿಪ್ಪತ್ತು ನಿಮಿಷಗಳೇ ಕಾಕಸ್ ಎನ್ನುವುದರ ತಿರುಳು. ಎಣಿಕೆ ಮುಗಿದ ಕೂಡಲೇ ಗೆದ್ದ ಮೂಲೆಗಳಿಂದ ಜನ ನಮ್ಮತ್ತ ನುಗ್ಗಿ ಬಂದರು. ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಶಿಕ್ಷಕಿ, ಹತ್ತು ವರ್ಷಗಳಿಂದ ನನ್ನೊಡನೆ ಹಿಮ ಮತ್ತು ಹುಲ್ಲುಹಾಸಿನ ಹೊರತು ಬೇರೇನನ್ನೂ ಮಾತಾಡಿರದವರು, ತಮ್ಮ ಅಭ್ಯರ್ಥಿಯೇ ಏಕೆ ಬೇಕೆಂದು ನನಗೆ ವಿವರಿಸಿದರು. ವಿವರಿಸುವಾಗ ತಮ್ಮ ಗಂಡನ ಕಾಯಿಲೆಯ ಸಾಲದ ಮೊತ್ತವನ್ನೂ ಹೇಳಿದರು. ಇಂಥ ಮಾತು ಕೇಳುವುದಕ್ಕೆ ನನಗೆ ಯಾವ ಅರ್ಹತೆ ಇತ್ತೋ ತಿಳಿಯದು. ಅವರ ಹಿಂದೆಯೇ ನನ್ನ ಮಗಳು ಬಂದಳು. ಅವಳ ಮೂಲೆ ಮೊದಲ ಎಣಿಕೆಯಲ್ಲೇ ಗೆದ್ದಿತ್ತು.

ಅವಳು ಕನ್ನಡದಲ್ಲಿ ಮಾತಾಡಿದಳು. ಇಲ್ಲೇ ಹುಟ್ಟಿ ಬೆಳೆದವಳು, ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಅಂದು ಸುತ್ತಲಿನವರಿಗೆ ತಿಳಿಯಬಾರದೆಂಬ ಒಂದೇ ಕಾರಣಕ್ಕೆ, "ಅಪ್ಪ, ಅಜ್ಜಿಗೆ ಮೈಸೂರಲ್ಲಿ ಇನ್ಸುಲಿನ್ ಎಷ್ಟಕ್ಕೆ ಸಿಗತ್ತೆ, ಇಲ್ಲಿ ಎಷ್ಟಾಗತ್ತೆ, ನೀನೇ ಹೇಳ್ತಿರ್ತೀಯಲ್ಲ, ಮತ್ಯಾಕೆ ಆ ಕಡೆ ನಿಂತಿದ್ದೀಯ?" ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಎಲ್ಲವೂ ಬಹಿರಂಗವಾಗಿದ್ದ ಆ ಹಾಲಿನಲ್ಲಿ ಗುಟ್ಟಾಗಿ ನಡೆದ ಮತಯಾಚನೆ ಅದೊಂದೇ ಇರಬೇಕು. ನಾನು ಕಾರ್ಡನ್ನು ತಿರುವಿ, ಅವಳ ಅಭ್ಯರ್ಥಿಯ ಹೆಸರು ಬರೆದು, ಸಹಿ ಮಾಡಿ, ಅವಳ ಹಿಂದೆ ನಡೆದೆ. ಆ ಮೂಲೆಯವರು ಚಪ್ಪಾಳೆ ತಟ್ಟಿದರು. ಶಿಕ್ಷಕಿಯ ಕಡೆಗೆ ನಾನು ತಿರುಗಿ ನೋಡಲಿಲ್ಲ.

ಆದ್ದರಿಂದ, "ಯಾರಿಗೆ?" ಎಂಬ ನಿಮ್ಮ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ನನ್ನ ಕಾರ್ಡಿನ ಎರಡು ಬದಿಗಳಲ್ಲಿ ಎರಡು ಹೆಸರುಗಳಿವೆ. ಇದು ತಪ್ಪಿಸಿಕೊಳ್ಳುವ ಉಪಾಯವೆಂದು ನಿಮಗೆ ತೋರಿದರೆ ರಾಜ್ಯದ ಫಲಿತಾಂಶವನ್ನೇ ನೋಡಿ. ಮೊದಲ ಬಾರಿ ನಿಂತ ತಲೆಗಳನ್ನು ಎಣಿಸಿದರೆ ಬರ್ನಿ ಸ್ಯಾಂಡರ್ಸ್ ಸುಮಾರು 6,000 ಜನರಿಂದ ಮುಂದಿದ್ದರು, ಚದುರಿ ಮತ್ತೆ ಸೇರಿದ ಮೇಲಿನ ಎಣಿಕೆಯಲ್ಲಿ ಆ ಅಂತರ ಅರ್ಧಕ್ಕಿಂತಲೂ ಕಡಿಮೆಯಾಯಿತು, ಅದನ್ನು ಪ್ರತಿನಿಧಿಗಳ ಲೆಕ್ಕಕ್ಕೆ ಇಳಿಸಿದಾಗ ಪೀಟ್ ಬುಟಿಜೆಜ್ ಕೂದಲೆಳೆಯಷ್ಟು ಮುಂದೆ ಬಂದು, ಪಕ್ಷದ ಅಭ್ಯರ್ಥಿಯನ್ನು ಕೊನೆಗೆ ಆರಿಸುವ ರಾಷ್ಟ್ರೀಯ ಅಧಿವೇಶನಕ್ಕೆ ಹೋಗುವ 41 ಸ್ಥಾನಗಳಲ್ಲಿ 14 ಇವರಿಗೆ, 12 ಅವರಿಗೆ ಎಂದಾಯಿತು. ಮೂರು ಲೆಕ್ಕಗಳನ್ನೂ ಪಕ್ಷವೇ ಪ್ರಕಟಿಸಿತು. ಇಡೀ ರಾಜ್ಯಕ್ಕೇ ಯಾರನ್ನು ಆರಿಸಿದೆನೆಂದು ಒಂದು ಮಾತಿನಲ್ಲಿ ಹೇಳಲಾಗದಿರುವಾಗ ಒಬ್ಬಟ್ಟಿನ ಸಾಲಿನಲ್ಲಿ ನಿಂತ ನಾನು ಹೇಗೆ ಹೇಳಲಿ?

ಆ ಫಲಿತಾಂಶವೂ ಅಂದು ರಾತ್ರಿ ಬರಲಿಲ್ಲ. ಪಕ್ಷ ತರಿಸಿದ್ದ ಹೊಸ ಆ್ಯಪ್ ಕೈಕೊಟ್ಟಿತು, ಫೋನಿನಲ್ಲಿ ಒಪ್ಪಿಸೋಣವೆಂದರೆ ಗಂಟೆಗಟ್ಟಲೆ ಕಾಯಬೇಕಾಯಿತು. ಮೈಸೂರಿನಿಂದ ಭಾವ ಕರೆ ಮಾಡಿ, "ನಾವು ಹೋದ ವರ್ಷ 60 ಕೋಟಿಗೂ ಮೇಲಿನ ಮತ ಎಣಿಸಿ ಬಿಸಾಕಿದೆವು, ನಿಮಗೆ ಎರಡು ಲಕ್ಷ ಎಣಿಸಲು ಬರಲ್ಲವಾ?" ಎಂದರು. ಬಂದವರು ಎರಡು ಲಕ್ಷವೂ ಇರಲಿಲ್ಲ, ಸುಮಾರು 1,76,000 ಎಂದು ನಾನು ತಿದ್ದಿದೆ. ಅದರಿಂದ ನನ್ನ ಮರ್ಯಾದೆ ಹೆಚ್ಚೇನೂ ಉಳಿಯಲಿಲ್ಲ. ರಾತ್ರಿ ಪಾಳಿಯವರು, ಹಸುಗೂಸಿನ ತಾಯಂದಿರು, ಹೆಚ್ಚು ಹೊತ್ತು ನಿಲ್ಲಲಾರದ ಮುದುಕರು ಬರಲಾಗದ ವ್ಯವಸ್ಥೆಯಿದು ಎಂಬ ಆಕ್ಷೇಪಣೆಗೂ ನನ್ನಲ್ಲಿ ಉತ್ತರವಿಲ್ಲ. ಅದು ಸರಿಯಾದ ಆಕ್ಷೇಪಣೆ.

ಇಷ್ಟೆಲ್ಲ ಕೇಳಿದವರಲ್ಲಿ ಒಬ್ಬರಾದರೂ, ನಲವತ್ತನಾಲ್ಕನೆಯ ವಯಸ್ಸಿನವರೆಗೆ ಏನು ಮಾಡುತ್ತಿದ್ದೆ ಎಂದು ಕೇಳಿದ್ದರೆ ನಾನು ಸಂತೋಷದಿಂದ ಉತ್ತರಿಸುತ್ತಿದ್ದೆ. ಇಡೀ ಭಾರತದ ಬೆರಳುಗಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ತಯಾರಾಗುತ್ತಿರುವುದು ನಮ್ಮೂರಿನಲ್ಲಿ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆರಂಭಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ. ಆ ಕಾರ್ಖಾನೆಯ ಮುಂದೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ನನ್ನ ಬೆರಳಿಗೆ ಅದರ ಒಂದು ಹನಿಯೂ ತಾಗಿಲ್ಲ. 1994ರಲ್ಲಿ ಬೇರೆ ಊರಿನ ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆಯಿತ್ತು, ಬರಲಿಲ್ಲ. ಅದು ನನ್ನ ಸೋಮಾರಿತನ. 1996ರಲ್ಲಿ ಅಪ್ಪನ ಜೊತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಪಟ್ಟಿಯಲ್ಲಿ ನಮ್ಮ ಮನೆಯ ಸಂಖ್ಯೆಯ ಎದುರಿಗೆ ನನ್ನ ಹೆಸರೇನೋ ಇತ್ತು, ಆದರೆ ವಯಸ್ಸು 61, ಲಿಂಗ ಹೆಣ್ಣು ಎಂದಿತ್ತು. "ಈಕೆ ನೀವಲ್ಲ" ಎಂದರು. ಅಲ್ಲವೆಂದು ನಾನೂ ಒಪ್ಪಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಅಪ್ಪನಿಗಾಗಿ ಕಾದೆ. 1997ರಲ್ಲಿ ಇಲ್ಲಿಗೆ ಓದಲು ಬಂದೆ. ಅಲ್ಲಿಂದ ಮುಂದೆ ವೀಸಾ, ಆಮೇಲೆ ಒಂದೊಂದು ದೇಶಕ್ಕೆ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚು ಪಾಲು ಕೊಡದ ಹಸಿರು ಕಾರ್ಡಿನ ಸಾಲು, ಅದು ಕೈಗೆ ಬಂದ ಮೇಲೆ ಇನ್ನೂ ಐದು ವರ್ಷ. 2019ರ ಡಿಸೆಂಬರಿನಲ್ಲಿ ಪ್ರಮಾಣವಚನ ಸ್ವೀಕರಿಸಿ ಭಾರತದ ಪಾಸ್‌ಪೋರ್ಟನ್ನು ಹಿಂದಿರುಗಿಸಿದಾಗ, ಎಂದೂ ಬಳಸದ ಒಂದು ಹಕ್ಕನ್ನು ಬಿಟ್ಟುಕೊಟ್ಟು ಎಂದೂ ಬಳಸದ ಇನ್ನೊಂದನ್ನು ಪಡೆದೆ.

ಮನಸ್ಸನ್ನು ಏಕೆ ಬದಲಾಯಿಸಿದೆ ಎಂದು ಕೇಳಿದ್ದರೂ ಸಂತೋಷವೇ, ಉತ್ತರ ಮಾತ್ರ ಕಷ್ಟ. ಇಪ್ಪತ್ತೆರಡು ವರ್ಷ ಕಾದು ಪಡೆದ ಮೊದಲ ಮತವನ್ನು ನಾನು ಇನ್ಸುಲಿನ್ನಿನ ಬೆಲೆಯನ್ನು ಯೋಚಿಸಿ ಕೊಟ್ಟೆನೋ, ಮಗಳು ಅಷ್ಟುದ್ದದ ವಾಕ್ಯವನ್ನು ಒಂದೂ ಇಂಗ್ಲಿಷ್ ಕ್ರಿಯಾಪದವಿಲ್ಲದೆ ಮುಗಿಸಿದಳೆಂಬ ಹಿಗ್ಗಿಗೆ ಕೊಟ್ಟೆನೋ, ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ರಟ್ಟಿನ ಅಡ್ಡದ ಹಿಂದೆ ಒಬ್ಬನೇ ಇದ್ದಿದ್ದರೆ ಬದಲಾಯಿಸುತ್ತಿರಲಿಲ್ಲ ಎಂಬುದಷ್ಟೇ ಖಚಿತ.

ಈಗ ಆ ಮೂಲೆಗಳಿಲ್ಲ. 2024ರಲ್ಲಿ ಡೆಮಾಕ್ರಟರು ಕಾರ್ಡನ್ನು ಅಂಚೆಯಲ್ಲಿ ಕಳಿಸಿದರು, ಫಲಿತಾಂಶವನ್ನು ಮಾರ್ಚ್ 5ರಂದು ಪ್ರಕಟಿಸಿದರು. ನಾನು ಊಟದ ಮೇಜಿನ ಮೇಲೆ ಅದನ್ನು ತುಂಬಿ ಲಕೋಟೆ ಅಂಟಿಸಿದೆ. ಮಗಳು ಬೇರೆ ರಾಜ್ಯದಲ್ಲಿದ್ದಾಳೆ. ಅದೇ ಏಪ್ರಿಲ್ 26ರಂದು ಸೋದರಮಾವ ಮೈಸೂರಿನ ಮತಗಟ್ಟೆಯ ಹೊರಗೆ ನಿಂತು, ಶಾಯಿ ಹಚ್ಚಿದ ಎಡಗೈಯ ತೋರುಬೆರಳಿನ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಯಾರಿಗೆ ಹಾಕಿದಿರಿ ಎಂದು ಬರೆದೆ. ಎರಡು ಗೆರೆಗಳು ನೀಲಿಯಾದವು. ಆಮೇಲೆ ಅವರಿಂದ ಬಂದದ್ದು ಮರುದಿನದ ಶುಭೋದಯದ ಗುಲಾಬಿ.